ನಿಮಗಿದು ಗೊತ್ತೇ? ಬುಡ ಬಗೆದು ನೋಡಿ!

ಚಾರ್ಮಾಡಿ ಘಾಟಿ ಹತ್ತಿ ಬಂದವರಿಗೆ ಕೊಟ್ಟಿಗೆಹಾರ ಅಂದರೆ ನೀರುದೋಸೆ, ಬಿಸಿ ಕಾಫಿ, ಮಂಜು. ಇಲ್ಲಿಂದ ಒಂದು ದಾರಿ ಮೂಡಿಗೆರೆಗೆ, ಇನ್ನೊಂದು ಕಳಸ, ಹೊರನಾಡಿನ ಕಡೆಗೆ. ಎರಡೂ ದಾರಿಯಲ್ಲಿ ಈಗ ಹೋಂಸ್ಟೇ ಬೋರ್ಡುಗಳು, ಬೋರ್ಡಿನ ಹಿಂದೆ ಹಸಿರು ಲಾನು. ಮಳೆ ಬಿಟ್ಟು ಬಿಸಿಲು ಬಿದ್ದ ಎರಡು ವಾರಕ್ಕೆ ಆ ಲಾನಿನ ಮೇಲೊಂದು ಹಳದಿ ಮಚ್ಚೆ ಮೂಡುತ್ತದೆ. ಯಜಮಾನರು ಒಂದು ಹಿಡಿ ಯೂರಿಯಾ ಎರಚುತ್ತಾರೆ. ಮಚ್ಚೆ ಇನ್ನೊಂದು ಮೊಳ ಅಗಲವಾಗುತ್ತದೆ. ಆಮೇಲೆ ಪೇಟೆಯ ಅಂಗಡಿಯಿಂದ ಯಾವುದೋ ಒಂದು ಔಷಧಿ ಬರುತ್ತದೆ. ಇಷ್ಟೆಲ್ಲ ಆದರೂ ಒಂದು ಗುದ್ದಲಿ ಮಣ್ಣು ಎತ್ತಿ ನೋಡಿದವರು ಕಡಿಮೆ. ಈ ಸಲದ ಅಂಕಣ ಮಣ್ಣಿನ ಕೆಳಗಿನದು. ಹುಲ್ಲಿನಿಂದ ಹೊರಟು ಕಾಫಿ, ಮೆಣಸಿನ ಬುಡಕ್ಕೂ ಹೋಗಿಬರೋಣ.

◆ ಗಾಲ್ಫ್ ಮೈದಾನದವರು ದುಡ್ಡು ಕೊಟ್ಟು ಬೆಳೆಸುವ ‘ಬರ್ಮುಡಾ ಗ್ರಾಸ್’ ಯಾವುದು ಗೊತ್ತೇ? ಚೌತಿಯ ದಿನ ಗಣಪತಿಗೆ ಏರಿಸುತ್ತೇವಲ್ಲ, ಅದೇ ಗರಿಕೆ. ಸಸ್ಯಶಾಸ್ತ್ರದವರು ಸೈನೊಡಾನ್ ಡಾಕ್ಟಿಲಾನ್ ಅನ್ನುತ್ತಾರೆ. ಬರ್ಮುಡಾ ದ್ವೀಪ ಅದರ ತವರೇನೂ ಅಲ್ಲ, ಅಲ್ಲಿಗೂ ಅದು ಹೊರಗಿನಿಂದ ಹೋದದ್ದು. ಗದ್ದೆ ಬದುವಿನಲ್ಲಿ ಎಷ್ಟು ಕೆತ್ತಿದರೂ ಸಾಯದ ಈ ಹುಲ್ಲು ಲಾನಿನಲ್ಲಿ ಯಾಕೆ ಸೊರಗುತ್ತದೆ? ಬದುವಿನ ಗರಿಕೆಯನ್ನು ಯಾರೂ ವಾರಕ್ಕೊಮ್ಮೆ ಮೆಷಿನ್ ಹಿಡಿದು ಬೋಳಿಸುವುದಿಲ್ಲ. ಮೇಲೆ ಎಲೆ ಕಡಿಮೆಯಾದಷ್ಟೂ ಕೆಳಗೆ ಬೇರು ಮೋಟಾಗುತ್ತದೆ. ಬೇರಿನ ರೋಗಕ್ಕೆ ಬೇಕಾದದ್ದೂ ಅಂಥ ಮೋಟು ಬೇರೇ.

◆ ಗರಿಕೆ ಬಿಸಿಲಿನ ಹುಲ್ಲು. ಕಬ್ಬು, ಜೋಳ, ಮೆಕ್ಕೆಜೋಳದ ಹಾಗೆ ಕಡು ಬೆಳಕಿನಲ್ಲೂ ಸುಸ್ತಾಗದೆ ಅನ್ನ ಬೇಯಿಸಿಕೊಳ್ಳುವ ಜಾತಿ. ಅಂಥದ್ದನ್ನು ತಂದು ಸಿಲ್ವರ್ ಮರದ ನೆರಳಿನಲ್ಲಿ, ಆಷಾಢವಿಡೀ ಸೂರ್ಯನ ಮುಖ ಕಾಣದ ಕೊಟ್ಟಿಗೆಹಾರದಲ್ಲಿ ನೆಟ್ಟು ‘ರೋಗ ಬಂತು’ ಅಂದರೆ, ತಪ್ಪಿನಲ್ಲಿ ಅರ್ಧ ಪಾಲು ನೆಟ್ಟವರದು.

◆ ಮಚ್ಚೆ ಕಂಡ ಕೂಡಲೇ ಮೊದಲು ಮಾಡಬೇಕಾದ ಪರೀಕ್ಷೆಗೆ ಲ್ಯಾಬೂ ಬೇಡ, ಲೆನ್ಸೂ ಬೇಡ. ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಚಾಪೆ ಸುತ್ತಿದ ಹಾಗೆ ಇಡೀ ಪದರವೇ ಎದ್ದು ಬಂತೇ? ಅದು ರೋಗವಲ್ಲ, ಗೊಣ್ಣೆಹುಳು ಬೇರು ಕಡಿದು ಹಾಕಿದೆ. ಅಡಿಯಲ್ಲಿ ‘ಸಿ’ ಆಕಾರಕ್ಕೆ ಮುದುಡಿದ ಬಿಳಿ ಹುಳು ಸಿಗುತ್ತದೆ. ರಾತ್ರಿ ಕಾಡುಹಂದಿ ಬಂದು ಲಾನು ಉತ್ತುಹೋದರೆ ಬೈಯುವ ಮೊದಲು ಯೋಚಿಸಿ: ಅದು ಬಗೆಯುವುದು ಹೆಚ್ಚಾಗಿ ಹುಳು ಇರುವ ಕಡೆಗೇ. ಬಿಟ್ಟಿ ತಪಾಸಣೆ, ಫೀಸು ಮಾತ್ರ ಸ್ವಲ್ಪ ದುಬಾರಿ.

◆ ಎಳೆದಾಗ ಬೇರು ಮಣ್ಣಿನಲ್ಲೇ ಉಳಿದು ಎಲೆ ಮಾತ್ರ ಬುಡದಿಂದ ಸಲೀಸಾಗಿ ಕಳಚಿ ಬಂದರೆ? ಎಲೆಯ ಬುಡ ಕಂದಾಗಿ, ಕೊಳೆತು ಮೆತ್ತಗಾಗಿದ್ದರೆ ರೈಜೊಕ್ಟೋನಿಯಾ ಎಂಬ ಶಿಲೀಂಧ್ರದ ಮೇಲೆ ಅನುಮಾನಪಡಬಹುದು. ತಮಾಷೆಯೆಂದರೆ ಗ್ರೀಕ್ ಮೂಲದ ಆ ಹೆಸರಿಗೆ ‘ಬೇರು ಕೊಲ್ಲುವುದು’ ಎಂದು ಅರ್ಥ. ಲಾನಿನಲ್ಲಿ ಅದು ಬೇರಿನ ತಂಟೆಗೆ ಹೋಗುವುದು ಕಡಿಮೆ, ಎಲೆ ಕಾಂಡವನ್ನು ಸೇರುವ ತಾವನ್ನು ತಿನ್ನುತ್ತದೆ.

◆ ಎಲೆ ಗಟ್ಟಿ, ಬೇರು ಮಾತ್ರ ಸೋತಿದೆ ಅಂದರೆ ನಿಜವಾದ ಬೇರು ರೋಗದ ದಾರಿಗೆ ಬಂದಿರಿ. ಬಕೆಟ್ ನೀರಿನಲ್ಲಿ ಮೆಲ್ಲಗೆ ಅದ್ದಿ ಮಣ್ಣು ಬಿಡಿಸಿ, ಬಿಳಿ ತಟ್ಟೆಯಲ್ಲಿ ನೀರು ಹಾಕಿ ಬೇರನ್ನು ತೇಲಿಬಿಡಿ. ಆರೋಗ್ಯದ ಬೇರು ಬಿಳಿ ಅಥವಾ ಕೆನೆ ಬಣ್ಣ. ಬೇರಿನ ಹೊರ ಸಿಪ್ಪೆ ಬೆರಳಿಗೆ ಜಾರಿ ಬಂದು, ನಡುವಿನ ನೂಲೊಂದೇ ಇಲಿ ಬಾಲದಂತೆ ಉಳಿದರೆ ಅದು ಪೈಥಿಯಂ. ನೀರು ನಿಂತ ಜಾಗದ ಕಾಯಿಲೆ. ಬೇರು ಮೋಟಾಗಿ ಕಪ್ಪಗಾಗಿ, ಲೆನ್ಸಿನಡಿ ಬೇರಿನ ಉದ್ದಕ್ಕೂ ಕರಿ ದಾರ ಹರಿದಂತೆ ಕಂಡರೆ ಅದು ಬೇರೆಯೇ ಕುಲ: ಗಾಯ್ಮನೋಮೈಸಿಸ್ ಮತ್ತು ಅದರ ದಾಯಾದಿಗಳು. ಸ್ವಿಟ್ಜರ್ಲೆಂಡಿನ ಶಿಲೀಂಧ್ರ ವಿಜ್ಞಾನಿ ಅರ್ನ್‌ಸ್ಟ್ ಗಾಯ್ಮನ್ ಅವರ ಹೆಸರು ಹೊತ್ತ ಶಿಲೀಂಧ್ರ ಇದು. ಅಮೆರಿಕದ ಫ್ಲಾರಿಡಾ ಕಡೆಯ ಲಾನುಗಳಿಗೆ ದೊಡ್ಡ ತಲೆನೋವು.

◆ ಪೈಥಿಯಂ ಶಿಲೀಂಧ್ರವೇ ಅಲ್ಲ! ಮೆಣಸಿಗೆ ಸೊರಗು, ಅಡಿಕೆಗೆ ಕೊಳೆ ತರುವ ಫೈಟೊಫ್ತೊರಾ ಕೂಡ ಅಲ್ಲ. ನೋಡಲು ಅಣಬೆ ಜಾತಿಯ ಎಳೆಗಳೇ. ಆದರೆ ವಂಶಾವಳಿ ಹಿಡಿದು ಹೋದರೆ ಇವು ಸಮುದ್ರದ ಕಂದು ಪಾಚಿಯ ನೆಂಟರು. ನಿಜವಾದ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತದೆ, ಇವುಗಳದ್ದರಲ್ಲಿ ಸೆಲ್ಯುಲೋಸ್. ಇದು ಬರೀ ಪಂಡಿತರ ಜಗಳ ಅಂದುಕೊಳ್ಳಬೇಡಿ, ನಿಮ್ಮ ಜೇಬಿಗೂ ಸಂಬಂಧವಿದೆ. ಕಾರ್ಬೆಂಡಜಿಮ್ ಎಷ್ಟೋ ಶಿಲೀಂಧ್ರಗಳಿಗೆ ನಾಟುತ್ತದೆ, ಈ ಕುಲಕ್ಕೆ ನಾಟುವುದಿಲ್ಲ. ಇವಕ್ಕೆ ಮೆಟಲಾಕ್ಸಿಲ್ ಥರದ್ದು ಬೇಕು. ಗುರುತು ಹಿಡಿಯದೆ ಸುರಿದ ಔಷಧಿ ಚರಂಡಿಗೆ ಸುರಿದ ದುಡ್ಡು.

◆ ಮಾದರಿಯನ್ನು ಮಚ್ಚೆಯ ನಟ್ಟನಡುವಿನಿಂದ ತೆಗೆಯಬಾರದು. ಅಲ್ಲಿ ಹೆಣ ಮಾತ್ರ ಇರುತ್ತದೆ, ಕೊಂದವನು ಮುಂದೆ ಹೋಗಿರುತ್ತಾನೆ, ಹೆಣ ತಿನ್ನಲು ಬಂದ ಹತ್ತಾರು ಬೇರೆ ಶಿಲೀಂಧ್ರಗಳು ಕೂತಿರುತ್ತವೆ. ಹಳದಿಯೂ ಹಸಿರೂ ಕೂಡುವ ಅಂಚಿನಿಂದ ಅರ್ಧ ಹಳದಿ, ಅರ್ಧ ಹಸಿರು ಇರುವಂತೆ ಒಂದು ಬೊಗಸೆ ತುಂಬುವಷ್ಟು ಗಡ್ಡೆ ಎತ್ತಿ. ಕಾಫಿಗೂ ಇದೇ ನ್ಯಾಯ: ಒಣಗಿ ಕಡ್ಡಿಯಾದ ಗಿಡವನ್ನು ಬಿಡಿ, ಪಕ್ಕದಲ್ಲಿ ಈಗಷ್ಟೇ ಎಲೆ ಜೋತುಬಿಟ್ಟ ಗಿಡದ ಬೇರು ನೋಡಿ.

◆ ಲಾನು ಬಾಡುವುದು ಬಿಸಿಲಿನಲ್ಲಿ, ಕಾಯಿಲೆ ಹತ್ತಿದ್ದು ಮಳೆಯಲ್ಲಿ. ನಡುವೆ ಎರಡು ಮೂರು ತಿಂಗಳ ಅಂತರ. ತೇವದಲ್ಲಿ ಅರ್ಧ ಬೇರು ಕೊಳೆತರೂ ಗಿಡ ಹೇಗೋ ನೀರು ಹೀರಿಕೊಂಡು ಹಸಿರಾಗಿಯೇ ನಿಂತಿರುತ್ತದೆ. ಮಳೆ ನಿಂತು ಬಿಸಿಲು ಏರಿದ ದಿನ ಉಳಿದ ಅರ್ಧ ಬೇರಿಗೆ ಅಷ್ಟು ನೀರು ಒದಗಿಸಲು ಆಗುವುದಿಲ್ಲ. ‘ಬಿಸಿಲಿಗೆ ಬಾಡಿತು’ ಎಂದು ಮೇಸ್ತ್ರಿ ಹೇಳುವ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

◆ ಸುಣ್ಣ ಕಾಫಿಗೆ ಅಮೃತ, ಲಾನಿಗೆ ಕೆಲವೊಮ್ಮೆ ವಿಷ. ಮಲೆನಾಡಿನ ಮಣ್ಣು ಹುಳಿ, ಅದಕ್ಕೇ ತೋಟಕ್ಕೆ ಸುಣ್ಣ ಹಾಕುವ ರೂಢಿ. ಅದೇ ಕೈಯಲ್ಲಿ ಅಂಗಳದ ಹುಲ್ಲಿಗೂ ನಾಲ್ಕು ಹಿಡಿ ಎರಚುತ್ತೇವೆ. ಮೇಲೆ ಹೇಳಿದ ಕರಿ ದಾರದ ಶಿಲೀಂಧ್ರಕ್ಕೆ ಹುಳಿ ಮಣ್ಣು ಕಂಡರಾಗದು, ಹುಳಿ ಕಳೆದ ಮಣ್ಣೆಂದರೆ ಪ್ರೀತಿ. ಫ್ಲಾರಿಡಾ ಕಡೆಯವರು ಅದನ್ನು ಹಿಮ್ಮೆಟ್ಟಿಸಲು ಅಮೋನಿಯಂ ಸಲ್ಫೇಟ್ ಹಾಕಿ ಮಣ್ಣನ್ನು ಹುಳಿ ಮಾಡುತ್ತಾರೆ. ನಮಗೆ ಆ ಹುಳಿ ಪುಕ್ಕಟೆ ಸಿಕ್ಕಿದೆ, ಕಳೆದುಕೊಳ್ಳಲು ದುಡ್ಡು ಕೊಡುತ್ತೇವೆ.

◆ ಕೆಲವು ಹುಲ್ಲಿನ ಬೇರು ರೋಗ ಕೊಟ್ಟಿಗೆಹಾರಕ್ಕೆ ಬರುವುದೇ ಇಲ್ಲ. ಚಳಿದೇಶಗಳಲ್ಲಿ ಗರಿಕೆ ಚಳಿಗಾಲವಿಡೀ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ವಸಂತದಲ್ಲಿ ಎಲ್ಲ ಚಿಗುರಿದರೂ ತಟ್ಟೆಯಗಲದ ಗುಂಡನೆಯ ಮಚ್ಚೆಗಳು ಮಾತ್ರ ಚಿಗುರುವುದಿಲ್ಲ. ಹುಲ್ಲು ನಿದ್ದೆ ಮಾಡದ ಊರಿನಲ್ಲಿ ಈ ಕಾಯಿಲೆಗೆ ಕೆಲಸವಿಲ್ಲ. ನಮ್ಮ ಚಳಿ ನಮಗೆ ಕಂಬಳಿ ಹೊದಿಸಬಲ್ಲದು, ಗರಿಕೆಯನ್ನು ಮಲಗಿಸುವಷ್ಟು ಖಡಕ್ಕಲ್ಲ.

◆ ಹುಲ್ಲಿನಲ್ಲಿ ಬಳೆ ಇಟ್ಟಂತೆ ಅಣಬೆಗಳ ಸುತ್ತು ಎದ್ದರೆ ಯೂರೋಪಿನ ಹಳ್ಳಿಗರು ರಾತ್ರಿ ಯಕ್ಷಿಣಿಯರು ಕುಣಿದ ಜಾಗ ಎನ್ನುತ್ತಿದ್ದರು. ಅದು ಅಣಬೆಯದೇ ಕೆಲಸ, ಒಳಗಿನ ಸಾರ ಮುಗಿಸಿ ಹೊರಗೆ ಹೊರಗೆ ಹೋಗುತ್ತದೆ ಎಂದು ಲಂಡನ್ನಿನ ವಿಜ್ಞಾನಿ ವೊಲಾಸ್ಟನ್ 1807ರಲ್ಲೇ ವಿವರಿಸಿದರು. ಹುಲ್ಲಿಗೆ ಅದರ ತೊಂದರೆ ವಿಚಿತ್ರ. ಬೇರನ್ನು ತಿನ್ನದೆಯೂ ಕೊಲ್ಲಬಲ್ಲದು: ಎಳೆಗಳು ಹೆಣೆದುಕೊಂಡ ಮಣ್ಣು ಮೇಣ ಬಳಿದಂತಾಗಿ ನೀರನ್ನು ಒಳಗೇ ಬಿಡುವುದಿಲ್ಲ.

◆ ಹುತ್ತದ ಅಣಬೆ ಕಂಡು ಗಾಬರಿಯಾಗಬೇಡಿ, ಬುಟ್ಟಿ ತನ್ನಿ. ಅದು ಗೆದ್ದಲು ತನ್ನ ಗೂಡಿನಲ್ಲಿ ಸಾಕಿದ ಬೆಳೆ, ಗಿಡದ ಬೇರಿಗೂ ಅದಕ್ಕೂ ದ್ವೇಷವಿಲ್ಲ. (ಯಾವುದು ತಿನ್ನುವ ಅಣಬೆ ಎಂದು ಮನೆಯ ಹಿರಿಯರನ್ನೇ ಕೇಳಿ. ಅಂಕಣ ಓದಿ ಅಣಬೆ ತಿನ್ನುವುದು ಬೇಡ.)

◆ ಅಡಿಕೆ ಬುಡದಲ್ಲಿ ಬೀಸಣಿಗೆಯಂಥ ಗಟ್ಟಿ ಅಣಬೆ ಎದ್ದರೆ ವಿಷಯವೇ ಬೇರೆ. ಅದು ಗ್ಯಾನೊಡರ್ಮಾ, ನಮ್ಮವರು ಇಟ್ಟ ಹೆಸರು ನೇರ: ಅಣಬೆ ರೋಗ. ಅಣಬೆ ಕಾಣಿಸಿದಾಗ ರೋಗ ಶುರುವಾಗಿದೆ ಎಂದಲ್ಲ, ಮರದ ಕತೆ ಮುಗಿಯುತ್ತ ಬಂದಿದೆ ಎಂದು. ಅದಕ್ಕಿಂತ ಮೊದಲೇ ಕಾಂಡದ ಬುಡದಲ್ಲಿ ಕಂದು ರಸ ಒಸರುತ್ತದೆ. ಕಣ್ಣಿಡಬೇಕಾದದ್ದು ಆ ರಸದ ಮೇಲೆ.

◆ ಈಗ ಕಾಫಿ. ಕಾಫಿ ಗಿಡದ ಬೇರು ರೋಗ ನಾಲ್ಕು ಬಗೆ, ಅದರಲ್ಲಿ ಮೂರನ್ನು ಬಣ್ಣ ನೋಡಿಯೇ ಹೇಳಬಹುದು. ಮೇಲಿನಿಂದ ನೋಡಿದರೆ ನಾಲ್ಕೂ ಒಂದೇ: ಎಲೆ ಹಳದಿ, ಜೋತು, ಉದುರು, ಒಣಗು. ಆದ್ದರಿಂದ ‘ಶೀತಕ್ಕೆ ಹೋಯ್ತು’ ಎಂದು ಷರಾ ಬರೆಯುವ ಮೊದಲು ರೈಟರ್ ಕೈಗೆ ಗುದ್ದಲಿ ಕೊಡಿ. ಬೇರಿಗೆ ಮಣ್ಣು, ಮರಳು, ಕಲ್ಲು ಗಾರೆ ಹಾಕಿದಂತೆ ಅಂಟಿ, ಎಷ್ಟು ತೊಳೆದರೂ ಬಿಡದಿದ್ದರೆ ಕಂದು ಬೇರು ರೋಗ, ಫೆಲ್ಲಿನಸ್ ನಾಕ್ಸಿಯಸ್. ಬೇರು ಸೀಳಿದರೆ ಮರದೊಳಗೆ ಜೇನುಹಟ್ಟಿನ ಹಾಗೆ ಕಂದು ಗೆರೆಗಳ ಬಲೆ. ಅಂಟಿದ ಮಣ್ಣು ತೊಳೆದಾಗ ಕೆಳಗೆ ಕೆಂಪು ಪೊರೆ ಕಂಡರೆ ಕೆಂಪು ಬೇರು ರೋಗ. ಕರಿ ಕಂಬಳಿಯ ಎಳೆ ಸುತ್ತಿದಂತಿದ್ದು, ತೊಗಟೆ ಎಬ್ಬಿಸಿದಾಗ ಅಡಿಯಲ್ಲಿ ಬಿಳಿ ನಕ್ಷತ್ರ ಬಿಡಿಸಿದಂತೆ ಕಂಡರೆ ಕಪ್ಪು ಬೇರು ರೋಗ, ರೊಸೆಲ್ಲಿನಿಯಾ. ಕೊಳೆಯುವ ತರಗೆಲೆ ದಪ್ಪಗೆ ಕೂತ, ಗಾಳಿಯಾಡದ ತೇವದ ಮೂಲೆ ಇದಕ್ಕೆ ಇಷ್ಟ. ಇಷ್ಟು ಚಂದದ ಚಿತ್ತಾರವನ್ನು ಒಂದು ರೋಗ ಯಾರೂ ನೋಡದ ಕಡೆ ಯಾಕೆ ಬಿಡಿಸುತ್ತದೋ.

◆ ನಾಲ್ಕನೆಯದಕ್ಕೆ ನಮ್ಮ ಜಿಲ್ಲೆಯ ಊರಿನ ಹೆಸರೇ ಇದೆ: ಸಂತವೇರಿ ಬೇರು ರೋಗ. ಬಾಬಾಬುಡನ್ ಗಿರಿಯ ಆಚೆ, ತರೀಕೆರೆ ದಿಕ್ಕಿನ ಸಂತವೇರಿ. ಇದರ ಬೇರಿನ ಮೇಲೆ ಪೊರೆಯಿಲ್ಲ, ಎಳೆಯಿಲ್ಲ, ಮಣ್ಣಿನ ಗಾರೆಯೂ ಇಲ್ಲ. ತೊಳೆದು ನೋಡಿದವರು ‘ಬೇರು ಸರಿಯಾಗೇ ಇದೆಯಲ್ಲ’ ಎಂದು ಮೋಸಹೋಗುತ್ತಾರೆ. ಚಾಕುವಿನಲ್ಲಿ ತೊಗಟೆ ಹೆರೆದರೆ ಒಳಗಿನ ಮರ ಕಂದಾಗಿರುತ್ತದೆ. ಫ್ಯುಸೇರಿಯಂ ಶಿಲೀಂಧ್ರ ನೀರಿನ ಕೊಳವೆಗಳ ಒಳಗೇ ಮನೆ ಮಾಡಿಕೊಂಡಿದೆ. ಮೊದಲ ಮೂರು ಬೇರಿನ ಹೊರಗಿನಿಂದ ಮುತ್ತಿಗೆ ಹಾಕುವ ದಂಡು, ಇದು ನಲ್ಲಿಯ ಪೈಪಿನೊಳಗೆ ಕೂತ ಕಳ್ಳ.

◆ ಕಡಿದ ಮರ ಸೇಡು ತೀರಿಸಿಕೊಳ್ಳುತ್ತದೆ. ಮರಗಸಿಯ ಜೊತೆಗೆ ನೆರಳು ಹೆಚ್ಚಾಯಿತೆಂದು ಒಂದು ಮರವನ್ನೇ ಉರುಳಿಸಿ, ಬುಡದ ಕುತ್ತಿಯನ್ನು ಹಾಗೇ ಬಿಡುತ್ತೇವೆ. ಕಂದು ಬೇರು ರೋಗದ ಶಿಲೀಂಧ್ರ ಆ ಕುತ್ತಿಯಲ್ಲಿ ಬೀಡುಬಿಟ್ಟು, ಸತ್ತ ಬೇರಿನ ದಾರಿ ಹಿಡಿದು ಕಾಫಿ ಬೇರಿಗೆ ದಾಟುತ್ತದೆ. ಬೇರಿಗೆ ಬೇರು ತಾಗಿದರೆ ಸಾಕು. ಅದಕ್ಕೇ ಈ ರೋಗದಲ್ಲಿ ಗಿಡಗಳು ಒಟ್ಟಿಗೆ ಸಾಯುವುದಿಲ್ಲ, ಈ ವರ್ಷ ಒಂದು, ಮುಂದಿನ ವರ್ಷ ಅದರ ಪಕ್ಕದ್ದು, ಹೀಗೆ ಸುತ್ತು ದೊಡ್ಡದಾಗುತ್ತ ಹೋಗುತ್ತದೆ. ಸಾಯುತ್ತಿರುವ ಗಿಡಗಳ ನಡುವೆ ನಿಂತು ಸುತ್ತ ನೋಡಿ, ಹಳೇ ಕುತ್ತಿಯೊಂದು ಎಲ್ಲೋ ಹತ್ತಿರದಲ್ಲೇ ಇರುತ್ತದೆ.

◆ ಮರ ಕಡಿಯುವ ಎಷ್ಟೋ ತಿಂಗಳ ಮೊದಲೇ ಬುಡದ ಸುತ್ತ ಉಂಗುರದಂತೆ ತೊಗಟೆ ಸುಲಿದು ಬಿಡುವ ಹಳೆಯ ಪದ್ಧತಿಯೊಂದು ಚಹಾ ತೋಟಗಳಲ್ಲಿದೆ. ಎಲೆಯಿಂದ ಬೇರಿಗೆ ಇಳಿಯುವ ಆಹಾರ ನಿಲ್ಲುತ್ತದೆ, ಬೇರು ತನ್ನ ಪಿಷ್ಟದ ಗಂಟನ್ನೆಲ್ಲ ಕರಗಿಸಿಕೊಂಡು ಬರಿದಾಗುತ್ತದೆ. ಆಮೇಲೆ ಶಿಲೀಂಧ್ರ ಬಂದರೆ ಊಟದ ಮನೆಯಲ್ಲಿ ಅನ್ನವಿಲ್ಲ.

◆ ರೋಗದ ಗಿಡ ಕಿತ್ತು ಸುಟ್ಟರೆ ಅರ್ಧ ಕೆಲಸ. ಸುತ್ತಲಿನ ಒಂದು ಸಾಲು ಆರೋಗ್ಯದ ಗಿಡಗಳನ್ನೂ ಒಳಗಿಟ್ಟು 60 ಸೆಂಟಿಮೀಟರ್ ಆಳ, 30 ಸೆಂಟಿಮೀಟರ್ ಅಗಲದ ಟ್ರೆಂಚು ತೆಗೆಯಬೇಕು. ತೆಗೆದ ಮಣ್ಣನ್ನು ಒಳಸುತ್ತಿಗೇ ಹಾಕಬೇಕು, ಹೊರಗಲ್ಲ. ‘ಚೆನ್ನಾಗಿರೋ ಗಿಡನೂ ಸೇರಿಸ್ಬೇಕಾ?’ ಎಂದು ಹೊಟ್ಟೆ ಉರಿಯುವುದು ಸಹಜ. ಆದರೆ ಚೆನ್ನಾಗಿರುವುದು ಮೇಲೆ ಮಾತ್ರ.

◆ ಅಮೆರಿಕದ ಆರೆಗಾನ್ ಕಾಡಿನಲ್ಲಿ ಮರಗಳ ಬೇರು ತಿನ್ನುವ ಆರ್ಮಿಲ್ಲೇರಿಯಾ ಎಂಬ ಒಂದೇ ಒಂದು ಶಿಲೀಂಧ್ರ ಸುಮಾರು 2,400 ಎಕರೆಗೆ ಹಬ್ಬಿದೆ. ನಮ್ಮಲ್ಲಿ ಅಷ್ಟು ಎಕರೆ ಇರುವವರನ್ನು ದೊಡ್ಡ ಪ್ಲಾಂಟರ್ ಅನ್ನುತ್ತೇವೆ.

◆ ‘ಕೊಳೆರೋಗ’ ಎಂಬ ಕನ್ನಡ ಪದ ಲ್ಯಾಟಿನ್ ಹೆಸರಿನಲ್ಲಿ ಸೇರಿಕೊಂಡಿದೆ! ಮಳೆಗಾಲದಲ್ಲಿ ಕಾಫಿ ಎಲೆ ಕರಿದಾಗಿ ಕೊಳೆತು, ದಾರಕ್ಕೆ ಕಟ್ಟಿದಂತೆ ಜೋತಾಡುತ್ತದಲ್ಲ, ಆ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ.ಸಿ. ಕುಕ್ 1876ರಲ್ಲಿ ಇಟ್ಟ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. 1958ರಲ್ಲಿ ಡಾಂಕ್ ಎಂಬ ವಿಜ್ಞಾನಿ ಅದನ್ನು ಕುಲದ ಹೆಸರನ್ನಾಗಿಯೇ ಏರಿಸಿದರು: ಕೊಳೆರೋಗ ನಾಕ್ಸಿಯಾ. ಪ್ರಪಂಚದ ಯಾವ ಮೂಲೆಯ ಶಿಲೀಂಧ್ರ ತಜ್ಞರೂ ಆ ಹೆಸರು ಹೇಳುವಾಗ ಒಂದು ಪದ ಕನ್ನಡ ಮಾತಾಡಲೇಬೇಕು. ಇದು ಎಲೆಯ ರೋಗ, ಬೇರಿನದ್ದಲ್ಲ. ಆದರೂ ಬಿಟ್ಟುಹೋಗಲು ಮನಸ್ಸಾಗಲಿಲ್ಲ.

◆ ಅಡಿಕೆಯ ಕೊಳೆರೋಗಕ್ಕೂ ಕಾಫಿಯ ಕೊಳೆರೋಗಕ್ಕೂ ಹೆಸರು ಬಿಟ್ಟರೆ ಬೇರೆ ನಂಟಿಲ್ಲ. ಅಡಿಕೆಯದ್ದು ಫೈಟೊಫ್ತೊರಾ. ಅದನ್ನು ಜಾಲಾಡಿದವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. 1910ರಲ್ಲೇ ಅದರ ಮೇಲೆ ವರದಿ ಪ್ರಕಟಿಸಿ, ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವ ದಾರಿ ತೋರಿಸಿದರು. ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದರ ಹಿಂದೆಯೂ ಅವರಿದ್ದರು.

◆ ಬೋರ್ಡೋ ದ್ರಾವಣ ಹುಟ್ಟಿದ್ದು ಕಳ್ಳರಿಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರು ಗಮನಿಸಿ 1885ರಲ್ಲಿ ಪ್ರಕಟಿಸಿದರು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ತುತ್ತ, ಒಂದು ಕೆ.ಜಿ. ಸುಣ್ಣ. ಹದ ನೋಡಲು ಕತ್ತಿಯ ಅಲಗು ಅದ್ದಿ: ತುಕ್ಕಿನಂಥ ಕೆಂಪು ಕೂತರೆ ತುತ್ತ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು.

◆ ಮೆಣಸಿನ ಸೊರಗು ರೋಗದ ಫೈಟೊಫ್ತೊರಾ ಕ್ಯಾಪ್ಸಿಸಿಗೆ ಈಜು ಬರುತ್ತದೆ. ಅದರ ಬೀಜಾಣುವಿಗೆ ಎರಡು ಬಾಲ. ಬೇರು ಒಸರುವ ರಸದ ವಾಸನೆ ಹಿಡಿದು, ಮಣ್ಣಿನ ಕಣಗಳ ನಡುವಿನ ನೀರಿನಲ್ಲಿ ಈಜಿಕೊಂಡು ಹೋಗಿ ಬೇರಿಗೆ ಅಂಟಿಕೊಂಡ ಮೇಲೆ ಬಾಲ ಕಳಚುತ್ತದೆ. ಈಜಲು ನೀರು ಬೇಕಲ್ಲ? ಅದಕ್ಕೇ ಮೆಣಸಿನ ಬುಡದಲ್ಲಿ ನೀರು ನಿಲ್ಲಬಾರದು ಎನ್ನುವುದು. ಒಂದು ಬಸಿಗಾಲುವೆ ಮಾಡುವ ಕೆಲಸವನ್ನು ಎಷ್ಟೋ ಸಲ ಹತ್ತು ಬಾಟಲಿ ಮಾಡುವುದಿಲ್ಲ. ಈ ಈಜುಗಾರನನ್ನು ಹಿಡಿಯಲು ವಿಜ್ಞಾನಿಗಳು ಗಾಳವನ್ನೇ ಹಾಕುತ್ತಾರೆ: ಅನುಮಾನದ ಮಣ್ಣನ್ನು ನೀರಿನಲ್ಲಿ ಕದಡಿ, ಮೆಣಸಿನ ಎಲೆಯ ಚೂರು ತೇಲಿಬಿಡುವುದು. ಎಲೆ ಚೂರಿನ ಅಂಚು ಕಪ್ಪಾದರೆ ಮೀನು ಕಚ್ಚಿದೆ ಎಂದು ಲೆಕ್ಕ, ಆ ಚೂರನ್ನು ಮೈಕ್ರೋಸ್ಕೋಪಿನಡಿ ಇಟ್ಟು ಖಾತ್ರಿ ಮಾಡಿಕೊಳ್ಳುತ್ತಾರೆ.

◆ ಶುಂಠಿ ಹಾಕಿದವರಿಗೊಂದು ಲೋಟದ ಪರೀಕ್ಷೆ. ಬಾಡಿದ ಶುಂಠಿಯ ಕಾಂಡ ಕತ್ತರಿಸಿ, ತುದಿಯನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ಮುಳುಗಿಸಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ, ಶಿಲೀಂಧ್ರದ ಔಷಧಿ ದಂಡ. ಏನೂ ಇಳಿಯದೆ, ಸಸಿ ಎಳೆದರೆ ಬುಡ ಕೊಳೆತು ಸುಲಭಕ್ಕೆ ಕಿತ್ತು ಬಂದರೆ ಪೈಥಿಯಂ ಕೊಳೆ. ಹೌದು, ಲಾನಿನಲ್ಲಿ ಸಿಕ್ಕಿತ್ತಲ್ಲ, ಅದೇ ಮನೆತನ.

◆ ಗಾಲ್ಫ್ ಹುಲ್ಲಿಗೂ ಬಡವರ ಸಜ್ಜೆಗೂ ಒಬ್ಬನೇ ಸೃಷ್ಟಿಕರ್ತ! ನಮ್ಮ ಗರಿಕೆಯೂ ಆಫ್ರಿಕಾದ ಗರಿಕೆಯೂ ಕೂಡಿ ಹುಟ್ಟಿದ ಟಿಫ್‌ವೇ ಎಂಬ ಲಾನು ಹುಲ್ಲನ್ನು ಕೊಟ್ಟವರು ಅಮೆರಿಕದ ಟಿಫ್ಟನ್ ಊರಿನ ಗ್ಲೆನ್ ಬರ್ಟನ್. ಅದಕ್ಕೆ ಬೀಜವಾಗುವುದಿಲ್ಲ, ತುಂಡು ನೆಟ್ಟೇ ಬೆಳೆಸಬೇಕು. ಎಂದರೆ ಮೈದಾನದ ತುಂಬ ಒಂದೇ ಗಿಡ, ಒಂದಕ್ಕೆ ಬಂದ ಕಾಯಿಲೆಗೆ ಎಲ್ಲವೂ ಒಂದೇ ರೀತಿ ಬಲಿ. ಅದೇ ಬರ್ಟನ್ ಬೆಳೆಸಿದ ಸಜ್ಜೆಯ ತಾಯಿ ತಳಿಯಿಂದ 1965ರಲ್ಲಿ ಭಾರತಕ್ಕೆ ಎಚ್‌ಬಿ-1 ಹೈಬ್ರಿಡ್ ಬಂತು. ಇಳುವರಿ ಏರಿತು. 1970ರ ಹೊತ್ತಿಗೆ ಬೂಜು ರೋಗ ಬಡಿದು ಹೈಬ್ರಿಡ್ ಸಜ್ಜೆ ನೆಲಕಚ್ಚಿತು. ತಂದದ್ದು ಪೈಥಿಯಂನ ಇನ್ನೊಬ್ಬ ನೆಂಟ, ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುವವನು.

◆ ಗೋಧಿಯ ಬೇರನ್ನು ಕರಿ ಮಾಡಿ ಕೊಲ್ಲುವ ಗಾಯ್ಮನೋಮೈಸಿಸ್ ಶಿಲೀಂಧ್ರ, ಅದೇ ಹೊಲದಲ್ಲಿ ವರ್ಷಗಟ್ಟಲೆ ಗೋಧಿಯನ್ನೇ ಬಿತ್ತಿದರೆ ತಾನಾಗಿ ಅಡಗುತ್ತದೆ. ಅಷ್ಟರಲ್ಲಿ ಅದರ ಶತ್ರು ಬ್ಯಾಕ್ಟೀರಿಯಾಗಳು ಬೇರಿನ ಸುತ್ತ ಬೆಳೆದು ಪ್ರತಿಜೀವಕ ಸುರಿಸುತ್ತಿರುತ್ತವೆ. ಲಾನು ಸೋತ ಜಾಗದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಎಸೆಯುವ ಮೊದಲು ಒಮ್ಮೆ ಯೋಚಿಸಿ.

◆ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸುವ ಟ್ರೈಕೋಡರ್ಮಾ ತಾನೂ ಶಿಲೀಂಧ್ರ, ತಿನ್ನುವುದೂ ಶಿಲೀಂಧ್ರವನ್ನೇ. ಅದರ ಕೆಲವು ತಳಿಗಳು ತೆಂಗಿನಕಾಯಿಯ ಪರಿಮಳ ಬೀರುತ್ತವೆ. ತೇವದ ಗೊಬ್ಬರಕ್ಕೆ ಬೆರೆಸಿ ನೆರಳಿನಲ್ಲಿಟ್ಟು, ಹಸಿರು ಬೂಷ್ಟು ಹಬ್ಬಿದ ಮೇಲೆ ಬುಡಕ್ಕೆ ಹಾಕಬೇಕು. ತುತ್ತ ಸುರಿದ ಕೈಯಲ್ಲೇ ಮಾರನೇ ದಿನ ಇದನ್ನು ಹಾಕಬೇಡಿ, ಪಾಪ, ಅದೂ ಸಾಯುತ್ತದೆ.

◆ ಸಂಶೋಧನಾ ಕೇಂದ್ರಕ್ಕೆ ಮಾದರಿ ಒಯ್ಯುವುದಾದರೆ ಬೇರನ್ನು ತೊಳೆಯಬೇಡಿ, ಮಣ್ಣಿನ ಸಮೇತ ಹಳೇ ಪೇಪರಿನಲ್ಲಿ ಸುತ್ತಿ. ನೀರು ಚಿಮುಕಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಾರಿನ ಡಿಕ್ಕಿಗೆ ಹಾಕಿದರೆ ಬಾಳೆಹೊನ್ನೂರೋ ಮೂಡಿಗೆರೆಯೋ ಮುಟ್ಟುವಷ್ಟರಲ್ಲಿ ಅದು ಬೇರೆಯೇ ರೋಗದ ಮಾದರಿಯಾಗಿರುತ್ತದೆ. ಒಂದು ಚೀಟಿಯಲ್ಲಿ ಬರೆದಿಡಿ: ಹತ್ತಿರ ಕುತ್ತಿ ಇತ್ತೇ, ನೀರು ನಿಲ್ಲುತ್ತಿತ್ತೇ, ಸುಣ್ಣ ಹಾಕಿದ್ದು ಯಾವಾಗ, ಮೊದಲ ಗಿಡ ಬಾಡಿದ್ದು ಯಾವ ಮಳೆಯ ನಂತರ. ಮಲೆನಾಡಿನವರಿಗೆ ತಾರೀಕು ನೆನಪಿಲ್ಲದಿದ್ದರೂ ಆರಿದ್ರೆಯೋ ಪುಷ್ಯವೋ ಎಂಬುದು ಮರೆಯುವುದಿಲ್ಲ. ಅಷ್ಟಿದ್ದರೆ ಸಾಕು.